ಗುಹೆಯ ಕಲ್ಲು, ಕಡಲ ಹವಳ, ಕೆರೆಯ ಶಾಸನ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ವರ್ಷವಿಡೀ ತುಂಬಿ ಹರಿಯುವ ನದಿಯಿಲ್ಲ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರಪಿನಾಕಿನಿ, ಚಿತ್ರಾವತಿಗಳು ಮಳೆಯನ್ನೇ ನೆಚ್ಚಿದ ಹೊಳೆಗಳು. ಇಲ್ಲಿಯ ಬೇಸಾಯ ಕೆರೆಗಳ ಆಶ್ರಯದಲ್ಲಿ ಬೆಳೆದುಬಂದಿತು. ಈಚೆಗೆ ಕೊಳವೆಬಾವಿಗಳು ಸಾವಿರ ಅಡಿಗೂ ಮೀರಿ ಇಳಿದಿವೆ. ಇಂತಹ ನಾಡಿಗೆ ಮುಂದಣ ಮಳೆ ಹೇಗಿದ್ದೀತೆಂಬುದು ಅನ್ನದ ಪ್ರಶ್ನೆಯೇ ಸರಿ.

ಇದಕ್ಕೆ ಉತ್ತರವನ್ನು ವಿಜ್ಞಾನಿಗಳು ವಾಯುಗುಣದ ಗಣಿತ ಮಾದರಿಗಳಿಂದ ಪಡೆಯಲು ಯತ್ನಿಸುತ್ತಾರೆ. ಆ ಮಾದರಿಗಳನ್ನು ಪರೀಕ್ಷಿಸಲು ದೊರೆಯುವ ಕ್ರಮಬದ್ಧವಾದ ಮಳೆಯ ಲೆಕ್ಕವಾದರೋ ಸುಮಾರು ನೂರೈವತ್ತು ವರ್ಷಗಳದು ಮಾತ್ರ. ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮ (1876-78) ಈ ಅವಧಿಗೆ ಸೇರಿದುದು. 1871ರಲ್ಲಿ ಐವತ್ತು ಲಕ್ಷಕ್ಕೂ ಮಿಗಿಲಾಗಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಅಂತಹ ಬರ ನೂರು ವರ್ಷಕ್ಕೊಮ್ಮೆ ಬರುವುದೋ, ಐನೂರು ವರ್ಷಕ್ಕೊಮ್ಮೆಯೋ? ಇಷ್ಟು ಕಿರಿದಾದ ಲೆಕ್ಕದಿಂದ ಇದನ್ನು ನಿರ್ಣಯಿಸಲಾಗದು. ಆದುದರಿಂದ ಪ್ರಕೃತಿಯೇ ಬರೆದಿಟ್ಟ ದಾಖಲೆಗಳನ್ನು ಓದಬೇಕಾಗಿದೆ.

ಮೊದಲನೆಯದು ಸುಣ್ಣಕಲ್ಲಿನ ಗುಹೆ. ಮಣ್ಣಿನಲ್ಲಿ ಇಂಗುವ ಮಳೆನೀರು ಸುಣ್ಣವನ್ನು ಕರಗಿಸಿಕೊಂಡು ಗುಹೆಯೊಳಗೆ ತೊಟ್ಟಿಕ್ಕುತ್ತದೆ. ಹನಿ ಬಿದ್ದೆಡೆಯಲ್ಲಿ ಸುಣ್ಣ ಪದರಪದರವಾಗಿ ಸೇರಿ ಕಂಬವಾಗುತ್ತದೆ. ಮಳೆ ಹೆಚ್ಚಾದ ವರ್ಷಗಳ ನೀರಿನಲ್ಲಿ ಆಮ್ಲಜನಕದ ಭಾರವಾದ ಪರಮಾಣುಗಳ ಪ್ರಮಾಣ ಸಾಮಾನ್ಯವಾಗಿ ತಗ್ಗುವುದರಿಂದ, ಪದರದಲ್ಲಿ ಅದನ್ನಳೆದು ಅಂದಿನ ಮಳೆಯನ್ನು ಊಹಿಸಬಹುದು. ಯುರೇನಿಯಂ ಥೋರಿಯಂ ಆಗಿ ಮಾರ್ಪಡುವ ಗತಿಯಿಂದ ಕಾಲ ತಿಳಿಯುತ್ತದೆ. ಉತ್ತರ ಕನ್ನಡದ ಅಕಳಗವಿಯ ಇಂತಹ ಒಂದು ಕಲ್ಲಿನಿಂದ 331 ವರ್ಷಗಳ ಮಳೆಯ ಏರಿಳಿತವನ್ನು ಎಂ. ಜಿ. ಯಾದವ, ಆರ್. ರಮೇಶ್ ಮೊದಲಾದವರು 2004ರಲ್ಲಿ ಪ್ರಕಟಿಸಿದರು. ಛತ್ತೀಸಗಢದ ದಂಡಕ ಗುಹೆಯ ಕಲ್ಲು ಕ್ರಿ.ಶ. 600ರಿಂದ 1500ರವರೆಗಿನ ಸಂಗತಿಯನ್ನು ತಿಳಿಸುತ್ತದೆ: ಹದಿನಾಲ್ಕನೆಯ ಶತಮಾನದಲ್ಲಿಯೂ ಹದಿನೈದನೆಯದರ ಮಧ್ಯಭಾಗದಲ್ಲಿಯೂ ದಶಕಗಳ ಕಾಲ ಮಾನ್ಸೂನ್ ಕ್ಷೀಣಿಸಿತ್ತು.

ಎರಡನೆಯದು ಹವಳ. ಮರದ ಉಂಗುರಗಳಂತೆ ಅದರಲ್ಲಿಯೂ ವಾರ್ಷಿಕ ಪಟ್ಟಿಗಳಿವೆ. ಕಡಲು ಬೆಚ್ಚಗಾದಷ್ಟೂ ಅವುಗಳಲ್ಲಿ ಸ್ಟ್ರಾಂಷಿಯಂ ಅಂಶ ಕಡಮೆಯಾಗುತ್ತದೆ. ಪೆಸಿಫಿಕ್ ಸಾಗರದ ಹವಳಗಳು ಹೀಗೆ ಎಲ್ ನಿನೋ ವರ್ಷಗಳನ್ನು ಗುರುತಿಸಿಕೊಡುತ್ತವೆ. 1877ರ ಎಲ್ ನಿನೋ ಅತಿ ಪ್ರಬಲವಾದುದು. ದೂರದ ಕಡಲಿನ ಕಾವಿಗೂ ನಮ್ಮ ಕೆರೆಗಳ ಬರಡಿಗೂ ಇರುವ ನಂಟು ಇದರಿಂದ ವ್ಯಕ್ತವಾಗುತ್ತದೆ.

ಇಲ್ಲೊಂದು ಎಚ್ಚರಿಕೆ ಅವಶ್ಯ. ನಮ್ಮ ನಾಲ್ಕು ತಾಲ್ಲೂಕುಗಳ ನೆಲ ಮುಖ್ಯವಾಗಿ ಕಣಶಿಲೆಯದು. ಸುಣ್ಣದ ಕಂಬ ಬೆಳೆಯುವ ಗುಹೆ ಇಲ್ಲಿ ನಿರೀಕ್ಷಿಸತಕ್ಕದ್ದಲ್ಲ. ಅಕಳಗವಿ ಹೇಳುವುದು ಘಟ್ಟದ ಮುಂಗಾರಿನ ಕಥೆ. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಯೇ ಮುಖ್ಯ. ಅಲ್ಲಿಯ ಲೆಕ್ಕವನ್ನು ಇಲ್ಲಿಗೆ ನೇರವಾಗಿ ಅನ್ವಯಿಸಲಾಗದು. ಇವೆರಡರ ನಡುವಣ ಸೇತುವೆಯೇ ಮಾದರಿ. ಹಿಂದಣ ಸೂರ್ಯತಾಪ, ಅಗ್ನಿಪರ್ವತಗಳ ಸ್ಫೋಟ ಮೊದಲಾದುವನ್ನು ಕೊಟ್ಟು ಮಾದರಿಯನ್ನು ನಡೆಸಿ, ಬಂದ ಫಲವನ್ನು ಗುಹೆ, ಹವಳಗಳ ಸಾಕ್ಷ್ಯದೊಡನೆ ಹೋಲಿಸುತ್ತಾರೆ. ತಾಳೆಯಾದರೆ ಸಾಕ್ಷಿಯಿಲ್ಲದ ಸೀಮೆಗಳ ವಿಷಯದಲ್ಲಿಯೂ ಅದರ ಮಾತಿಗೆ ಬೆಲೆ ಹೆಚ್ಚುತ್ತದೆ, ತಾಳೆಯಾಗದಿದ್ದರೆ ತಿದ್ದಬೇಕಾಗುತ್ತದೆ.

ಆದರೆ ನಮ್ಮ ಸೀಮೆಗೂ ತನ್ನದೇ ಆದ ಕಲ್ಲಿನ ಸಾಕ್ಷಿಯುಂಟು. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಅಂದಿನ ಕೋಲಾರ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕುಗಳ ಶಾಸನಗಳಿವೆ. ಗೌರಿಬಿದನೂರು ವಿಭಾಗದ 1388ರ ಶಾಸನವೊಂದರಲ್ಲಿ, ಪ್ರತಾಪ ಬುಕ್ಕರಾಯನು ಹೆನ್ನೆ ಹೊಳೆಯನ್ನು, ಅಂದರೆ ಪಿನಾಕಿನಿಯನ್ನು, ಪೆನುಗೊಂಡೆಗೆ ತರಬೇಕೆಂದು ಆಜ್ಞಾಪಿಸಲು, ಜಲಸೂತ್ರಜ್ಞನಾದ ಸಿಂಗಾಯಭಟ್ಟನು ಸಿರುವೆರ ಕೆರೆಗೆ ಕಾಲುವೆ ತೆಗೆಸಿದ ಸಂಗತಿ ಬಂದಿದೆ. ದಂಡಕ ಗುಹೆ ಬರವನ್ನು ಸೂಚಿಸುವ ಶತಮಾನದಲ್ಲಿಯೇ ಈ ಕಾಲುವೆ ಹುಟ್ಟಿತೆಂಬುದು ಗಮನಾರ್ಹ.

ಬರವೇ ಇದಕ್ಕೆ ಕಾರಣವೆಂದು ಹೇಳಲು ನಾವು ಸಿದ್ಧರಿಲ್ಲ. ಬೆಳೆಯುತ್ತಿದ್ದ ರಾಜಧಾನಿಗೆ ನೀರು ಬೇಕಾಗಿದ್ದಿರಬಹುದು. ಅರಸನ ಕೀರ್ತಿಕಾಮನೆಯೂ ಇದ್ದಿರಬಹುದು. ಕೆರೆ ಒಡೆದುದು ಅತಿವೃಷ್ಟಿಯಿಂದಲೋ ಅಲಕ್ಷ್ಯದಿಂದಲೋ ಎಂಬ ಸಂದೇಹವೂ ಇಂತಹುದೇ. ಒಂದು ಶಾಸನದಿಂದ ಮಳೆಯನ್ನು ಅಳೆಯಲಾಗದು. ಕೆರೆ ಕಟ್ಟಿದ, ಒಡೆದ, ದುರಸ್ತಿಗೊಂಡ ವರ್ಷಗಳನ್ನು ನೂರಾರು ಶಾಸನಗಳಿಂದ ಕ್ರಮವಾಗಿ ಪಟ್ಟಿಮಾಡಿ ಗುಹೆಯ ಕಾಲಮಾನದ ಪಕ್ಕದಲ್ಲಿಟ್ಟರೆ ಮಾತ್ರ ಆಕಸ್ಮಿಕ ಯಾವುದು, ಸಂಬಂಧ ಯಾವುದು ಎಂಬುದು ತಿಳಿದೀತು. ಈ ಕೆಲಸಕ್ಕೆ ಪ್ರಯೋಗಶಾಲೆ ಬೇಡ. ನಮ್ಮ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳೇ ಇದನ್ನು ಆರಂಭಿಸಬಹುದು.