ಏರುವ ಮುನ್ನ ಉಗುರು ನೋಡು

ಆನೆ ಸವಾರಿ ಎಂದೊಡನೆ ದಸರಾ ಅಂಬಾರಿ ನೆನಪಾಗುವುದು ಸಹಜ. ಆದರೆ ಕುಶಾಲನಗರದ ಬಳಿ, ಕಾವೇರಿ ದಡದ ದುಬಾರೆ ಶಿಬಿರದಲ್ಲಿ ಮಾವುತನ ವಿದ್ಯೆ ಆರಂಭವಾಗುವುದು ಕಾಡಿನಲ್ಲಿ. ರಾತ್ರಿ ಮೇಯಲು ಬಿಟ್ಟ ಆನೆಯನ್ನು ಬೆಳಗ್ಗೆ ಹೆಜ್ಜೆ, ಸರಪಳಿ ಎಳೆದ ಗುರುತು ಹಿಡಿದು ಹುಡುಕಿ ತರಬೇಕು. ಇಲ್ಲಿನ ಮಾವುತರು, ಕಾವಾಡಿಗಳಲ್ಲಿ ಹಲವರು ಜೇನುಕುರುಬರು. ಕಾಡನ್ನು ಓದುವುದು ಅವರಿಗೆ ಮನೆಪಾಠ.

ಆಮೇಲೆ ಹೊಳೆಯಲ್ಲಿ ಸ್ನಾನ. ನೋಡುವವರಿಗೆ ಅದು ಆಟ, ಮಾವುತನಿಗೆ ತಪಾಸಣೆ. ಮಲಗಿದ ಆನೆಯ ಮೈಯುಜ್ಜುತ್ತಲೇ ಗಾಯ, ಬಾವು, ಅಂಗಾಲಿನ ಬಿರುಕು, ಉಗುರಿನ ಸಂದು ಎಲ್ಲವನ್ನೂ ನೋಡುತ್ತಾನೆ. ಮೂರು ನಾಲ್ಕು ಟನ್ ಭಾರ ಹೊರುವ ಪಾದ ಕೊಳೆತರೆ ಆನೆ ಉಳಿಯುವುದೇ ಕಷ್ಟ. ಲದ್ದಿಯನ್ನೂ ಕೆದಕಿ ನೋಡಬೇಕು. ತಿಂದದ್ದರಲ್ಲಿ ಅರ್ಧದಷ್ಟೂ ಜೀರ್ಣವಾಗದ ಈ ಪ್ರಾಣಿಯ ಹೊಟ್ಟೆಯ ಸುದ್ದಿ ಅಲ್ಲಿಯೇ ಸಿಗುವುದು.

ರಾಗಿ ಮುದ್ದೆ, ಬೆಲ್ಲ ತಿನ್ನಿಸಿದ ಮೇಲೆ ಸವಾರಿಯ ಮಾತು. ಮಾವುತ ಕೂರುವುದು ಕತ್ತಿನ ಮೇಲೆ. ಕಿವಿಯ ಹಿಂದೆ ಚರ್ಮ ತೆಳು. ಅಲ್ಲಿ ಕಾಲ್ಬೆರಳು ಒತ್ತಿದರೆ ಆನೆಗೆ ದಿಕ್ಕು ತಿಳಿಯುತ್ತದೆ. ಒಂದು ದಿನದಲ್ಲಿ ಹತ್ತಿ ಕೂರಲು ಕಲಿಯಬಹುದು, ಆ ಬೆರಳಿನ ಮಾತು ಬರಲು ವರ್ಷಗಳೇ ಬೇಕು. ಅಷ್ಟಾಗಿಯೂ ಮದವೇರಿದ ಸಲಗ ತನ್ನನ್ನು ಸಾಕಿದವನನ್ನೇ ಕೊಂದೀತು. ಕಣ್ಣು ಕಿವಿಗಳ ನಡುವಿನ ಗ್ರಂಥಿ ಒಸರುತ್ತಿದೆಯೇ ಎಂದು ನೋಡದೆ ಅನುಭವಿ ಮಾವುತ ಗಂಡಾನೆಯ ಹತ್ತಿರ ಸುಳಿಯುವುದಿಲ್ಲ.