ಗಂಜಾಮಿನಿಂದ ಪ್ಯಾರಿಸಿಗೆ: ಅಬ್ಬೆ ದುಬಾಯ್ ಅವರ ಸ್ಥಳಾಂತರ ಮತ್ತು ದಕ್ಷಿಣ ಮೈಸೂರಿನ ಅಧ್ಯಯನ

ಮೈಸೂರು ಸೀಮೆಯ ಜನಜೀವನವನ್ನು ಕುರಿತು ಬರೆಯುವಾಗ ಅಬ್ಬೆ ದುಬಾಯ್ ಅವರ ಗ್ರಂಥವನ್ನು ಪ್ರತ್ಯಕ್ಷದರ್ಶಿಯ ಸಾಕ್ಷ್ಯವೆಂದು ಉಲ್ಲೇಖಿಸುವುದು ನಮ್ಮಲ್ಲಿ ರೂಢಿಯಾಗಿದೆ. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ ಭಾಗಗಳ ಸಂಸ್ಕೃತಿಯನ್ನು ಅಧ್ಯಯನ ಮಾಡುವವರೂ ಹತ್ತೊಂಬತ್ತನೆಯ ಶತಮಾನದ ಆರಂಭದ ಚಿತ್ರಕ್ಕಾಗಿ ಈ ಗ್ರಂಥದತ್ತ ನೋಡುವುದುಂಟು. ಆದರೆ ಹಳ್ಳಿಗಳಲ್ಲಿ ಬದುಕಿದ ದುಬಾಯ್ ಹಾಗೂ ನಗರದ ಓದುಗರಿಗಾಗಿ ಬರೆದ ದುಬಾಯ್ ಒಬ್ಬರೇ ಆಗಿದ್ದರೂ ಅವರ ಧ್ವನಿಗಳು ಒಂದೇ ಅಲ್ಲ. ಈ ಅಂತರವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ದ್ವೀಪ ಮತ್ತು ಹಳ್ಳಿ

ಫ್ರಾನ್ಸಿನ ಆರ್ದೆಶ್ ಪ್ರಾಂತದವರಾದ ಝಾನ್ ಆಂತ್ವಾನ್ ದುಬಾಯ್ 1792ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದು, ಪ್ಯಾರಿಸಿನ ವಿದೇಶೀ ಮಿಷನ್ ಸಂಘದ ಮೂಲಕ ಅದೇ ವರ್ಷ ಭಾರತಕ್ಕೆ ಹೊರಟರು. ಮೊದಲ ವರ್ಷಗಳನ್ನು ತಮಿಳು ಸೀಮೆಯಲ್ಲಿ ಕಳೆದ ಅವರು 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರಿಗೆ ಬಂದರು. ಟಿಪ್ಪುವಿನ ಕಾಲದಲ್ಲಿ ಸೆರೆಯಾಗಿ ಮತಾಂತರಕ್ಕೊಳಗಾಗಿದ್ದ ಕ್ರೈಸ್ತರನ್ನು ಮತ್ತೆ ಸಂಘಟಿಸುವುದು ಅವರ ಮೊದಲ ಹೊಣೆಯಾಗಿತ್ತು.

ಕಾವೇರಿಯ ಎರಡು ಕವಲುಗಳ ನಡುವಣ ಆ ದ್ವೀಪ ಆಗ ರಾಜಧಾನಿಯ ಪಟ್ಟವನ್ನು ಕಳೆದುಕೊಂಡಿತ್ತು. ಆಡಳಿತ ಮೈಸೂರಿಗೆ ಹೋಯಿತು. ಜ್ವರದ ಕಾಟದಿಂದ ನಲುಗಿದ ಇಂಗ್ಲಿಷ್ ದಂಡನ್ನೂ 1811ರಲ್ಲಿ ಅಲ್ಲಿಂದ ತೆಗೆಯಲಾಯಿತು. ಹೀಗೆ ನಗರವೊಂದು ಮತ್ತೆ ಹಳ್ಳಿಯಾಗುತ್ತಿದ್ದ ಹೊತ್ತಿನಲ್ಲಿ ದುಬಾಯ್ ಅಲ್ಲಿ ನೆಲೆಸಿದ್ದರು. ದ್ವೀಪದ ಗಂಜಾಮಿನಲ್ಲಿ ಅವರ ಹೆಸರಿನ ಚರ್ಚು ಇಂದಿಗೂ ಇದೆ. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಬೇಸಾಯವನ್ನು ನೆಚ್ಚಿದ ಕ್ರೈಸ್ತ ನೆಲೆಯೊಂದನ್ನು ಅವರು ಬೆಳೆಸಿದರು. ಅಲ್ಲಿನವರ ಬಾಯಲ್ಲಿ ಅವರು ‘ದೊಡ್ಡಸ್ವಾಮಿಯವರು’. ಈ ಕನ್ನಡ ಹೆಸರು ಗಮನಾರ್ಹವಾದುದು. ಪರದೇಶದ ಪಾದ್ರಿಯನ್ನು ಜನ ತಮಗೆ ಪರಿಚಿತವಾಗಿದ್ದ ಗುರುವಿನ ಸ್ಥಾನದಲ್ಲಿಯೇ ಇರಿಸಿಕೊಂಡರು. ಅವರೂ ಈ ನಾಡಿನ ಉಡುಪನ್ನು, ಆಹಾರಕ್ರಮವನ್ನು ಅಳವಡಿಸಿಕೊಂಡಿದ್ದರು.

ಈ ಅವಧಿಯ ಮುಖ್ಯ ಕೆಲಸ ಸಿಡುಬಿನ ತಡೆ. ಜನರಾಡುವ ಮಾತಿನಲ್ಲಿ ‘ದೇವಿ ಹಾಕುವುದು’ ಎನಿಸಿದ ಈ ಚಿಕಿತ್ಸೆಯನ್ನು ಅವರು 1803–04ರಲ್ಲಿ ಕೈಗೊಂಡಾಗ ದಾಖಲಾದ ಸಂಖ್ಯೆ 25,432. ಸಿಡುಬನ್ನು ‘ಅಮ್ಮ’ನೆಂದು ಪೂಜಿಸುವ ಸಮಾಜದಲ್ಲಿ ಇಷ್ಟು ಜನ ತೋಳು ಒಡ್ಡಿದ್ದು ನಂಬಿಕೆಯ ಮಾತು. ಉಪದೇಶದಿಂದ ದೊರೆಯದ ವಿಶ್ವಾಸ ಉಪಚಾರದಿಂದ ದೊರೆತಿತ್ತು.

2. ನಗರ ಮತ್ತು ಗ್ರಂಥ

ದುಬಾಯ್ ಭಾರತವನ್ನು ಬಿಟ್ಟದ್ದು 1823ರಲ್ಲಿ. ಆದರೆ ನಗರದ ಕಡೆಗಿನ ಅವರ ಪಯಣ ಅದಕ್ಕಿಂತ ಮೊದಲೇ, ಹಸ್ತಪ್ರತಿಯ ರೂಪದಲ್ಲಿ ಆರಂಭವಾಗಿತ್ತು. ಭಾರತೀಯರ ನಡೆ, ಆಚಾರ, ಸಂಸ್ಥೆಗಳನ್ನು ಕುರಿತ ಅವರ ಫ್ರೆಂಚ್ ಹಸ್ತಪ್ರತಿ ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಅವರ ಮೆಚ್ಚುಗೆ ಪಡೆಯಿತು. ಮದರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಅದನ್ನು 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ 2000 ವರಹಗಳಿಗೆ ಕೊಂಡರು. ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ 1816ರಲ್ಲಿ ಅಚ್ಚಾಯಿತು. ಲೇಖಕರೇ ಪರಿಷ್ಕರಿಸಿದ್ದ ಪಾಠವನ್ನು ಆಧರಿಸಿದ ಬ್ಯೂಚಾಂಪ್ ಅವರ ಅನುವಾದ ಹೊರಬಂದದ್ದು 1897ರಲ್ಲಿ. ಆದ್ದರಿಂದ ಯಾವ ಆವೃತ್ತಿಯಿಂದ ಉಲ್ಲೇಖಿಸುತ್ತಿದ್ದೇವೆ ಎಂಬುದನ್ನು ಸಂಶೋಧಕರು ಸ್ಪಷ್ಟಪಡಿಸುವುದು ಅಗತ್ಯ.

ಮರಳಿದ ವರ್ಷವೇ ಅವರು ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಪತ್ರಗಳನ್ನು ಲಂಡನ್ನಿನಲ್ಲಿ ಪ್ರಕಟಿಸಿದರು. ತಮ್ಮ ದೀರ್ಘ ಸೇವೆಯಲ್ಲಿ ದೇಶೀಯ ಪಾದ್ರಿಯೊಬ್ಬರ ನೆರವಿನಿಂದ ಒಟ್ಟು ಇನ್ನೂರು ಮುನ್ನೂರು ಜನರನ್ನಷ್ಟೇ ಮತಾಂತರಿಸಲು ಸಾಧ್ಯವಾಯಿತೆಂದೂ ಅವರಲ್ಲಿ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರು ಹಾಗೂ ಭಿಕ್ಷುಕರೆಂದೂ ಅಲ್ಲಿ ಒಪ್ಪಿಕೊಂಡರು. ಹಿಂದೂಗಳ ಮತಾಂತರ ಅಸಾಧ್ಯವೆಂಬ ಅವರ ನಿಲುವಿಗೆ ಪ್ರಾಟೆಸ್ಟೆಂಟ್ ಮಿಷನರಿಗಳಾದ ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲೆ 1824ರಲ್ಲಿ ಉತ್ತರ ಬರೆದರು. ಈ ನಿರಾಶೆಯಲ್ಲಿ ಪ್ರಾಮಾಣಿಕತೆಯಿದೆ. ಜೊತೆಗೇ ಒಂದು ಕುರುಡೂ ಇದೆ. ತಮ್ಮ ಬಳಿಗೆ ಬಂದ ಕೆಳಸ್ತರದವರನ್ನು ಅವರು ಸೋಲಿನ ಲೆಕ್ಕಕ್ಕೆ ಸೇರಿಸಿದರು. ಆ ಜನರಿಗೆ ಈ ಹೊಸ ನೆಲೆ ಏನಾಗಿತ್ತು ಎಂಬ ಪ್ರಶ್ನೆಯನ್ನು ಕೇಳಲಿಲ್ಲ.

ಮುಂದೆ ಅವರು ಪ್ಯಾರಿಸಿನ ಸಂಘದ ನಿರ್ದೇಶಕರಲ್ಲೊಬ್ಬರಾಗಿ, 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿ ಕೆಲಸ ಮಾಡಿ 1848ರಲ್ಲಿ ನಿಧನರಾದರು. ಹಳ್ಳಿಯಲ್ಲಿ ಚುಚ್ಚುಮದ್ದು ಮತ್ತು ನೇಗಿಲು ಸಾಧನಗಳಾಗಿದ್ದವು. ನಗರದಲ್ಲಿ ಆ ಸ್ಥಾನಕ್ಕೆ ಮುದ್ರಣ ಬಂದಿತು.

3. ಪ್ರತ್ಯಕ್ಷ ದರ್ಶನದ ಪ್ರಶ್ನೆ

1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯುರ್ ಅವರು ದುಬಾಯ್ ಗ್ರಂಥದ ಬಹುಭಾಗ ಹದಿನೆಂಟನೆಯ ಶತಮಾನದ ಜೆಸ್ವಿಟ್ ಪಾದ್ರಿ ಕೂರ್ದೂ ಅವರ ಬರಹದಿಂದ ಬಂದುದೆಂದು ತೋರಿಸಿಕೊಟ್ಟರು. ಕೂರ್ದೂ ಅವರ ಕಾರ್ಯಕ್ಷೇತ್ರ ತೆಲುಗು, ತಮಿಳು ಸೀಮೆ. ಹಾಗಾಗಿ ಮೈಸೂರಿನ ಚಿತ್ರವೆಂದು ನಾವು ಎತ್ತಿಕೊಳ್ಳುವ ಭಾಗ ಬೇರೊಂದು ಸೀಮೆಯದೂ ಬೇರೊಂದು ಕಾಲದ್ದೂ ಆಗಿರಬಹುದು.

ಗ್ರಂಥದ ವಿನ್ಯಾಸವೂ ಇದನ್ನೇ ಸೂಚಿಸುತ್ತದೆ. ಅದರ ಮೂರು ಭಾಗಗಳಲ್ಲಿ ಒಂದು ಇಡಿಯಾಗಿ ಬ್ರಾಹ್ಮಣರ ನಾಲ್ಕು ಆಶ್ರಮಗಳಿಗೆ ಮೀಸಲು. ಲಿಂಗಧಾರಿಗಳು ಪುನರ್ಜನ್ಮವನ್ನು ಒಪ್ಪುವುದಿಲ್ಲವೆಂಬಂತಹ ಬೆಲೆಯುಳ್ಳ ಸಂಗತಿಗಳು ಅಲ್ಲಲ್ಲಿ ದೊರೆತರೂ ಚೌಕಟ್ಟು ವೈದಿಕವಾದುದು. ಗಂಜಾಮಿನಿಂದ ಕೆಲವೇ ದಿನಗಳ ನಡಿಗೆಯಲ್ಲಿರುವ ಚಿಕ್ಕಲ್ಲೂರಿನ ಸಿದ್ದಪ್ಪಾಜಿಯ ನೀಲಗಾರರಿಗೆ, ಮಾದೇಶ್ವರನ ದೇವರಗುಡ್ಡರಿಗೆ ಇಂತಹ ಚೌಕಟ್ಟಿನಲ್ಲಿ ಎಡೆಯಿಲ್ಲ.

ಇಲ್ಲಿ ಒಂದು ಹೋಲಿಕೆ ಉಪಯುಕ್ತ. ಮಂಟೇಸ್ವಾಮಿ ಕಾವ್ಯದಲ್ಲಿ ಗುರು ಕಲ್ಯಾಣವೆಂಬ ನಗರವನ್ನು ಪರೀಕ್ಷಿಸಿ, ಅದನ್ನು ತೊರೆದು, ದಕ್ಷಿಣದ ಹಳ್ಳಿಗಳತ್ತ ಬಂದು ಬೊಪ್ಪೇಗೌಡನಪುರದಲ್ಲಿ ನೆಲೆಗೊಳ್ಳುತ್ತಾನೆ. ಅವನ ಮಾತು ನೀಲಗಾರರ ಕೊರಳಲ್ಲಿ ಉಳಿಯಿತು. ದುಬಾಯ್ ಅವರ ದಾರಿ ಇದರ ತಿರುವು. ಅವರ ಮಾತು ಹಳ್ಳಿಯಿಂದ ನಗರಕ್ಕೆ ಹೋಗಿ ಅಚ್ಚಿನಲ್ಲಿ ಉಳಿಯಿತು. ಅಚ್ಚಾದದ್ದನ್ನೇ ಆಕರವೆಂದು ನಂಬುವ ನಮ್ಮ ಅಭ್ಯಾಸದಿಂದಾಗಿ ಈ ನೆಲದಲ್ಲೇ ಹಾಡಾಗಿರುವ ಕಥನ ಎರಡನೆಯ ಸಾಲಿಗೆ ಸರಿದಿದೆ.

4. ಕನ್ನಡದ ಜಾಡು

ದುಬಾಯ್ ಅವರ ಬರಹಗಳಲ್ಲಿ ಕನ್ನಡಕ್ಕೆ ನೇರವಾಗಿ ಸಂಬಂಧಿಸಿದ್ದು 1826ರಲ್ಲಿ ಪ್ಯಾರಿಸಿನಲ್ಲಿ ಪ್ರಕಟವಾದ ಫ್ರೆಂಚ್ ಪಂಚತಂತ್ರ. ತಮಿಳು, ತೆಲುಗು, ಕನ್ನಡಗಳ ಮೂರು ಪ್ರತಿಗಳಿಂದ ಕಥೆಗಳನ್ನು ಆಯ್ದುಕೊಂಡುದಾಗಿ ಅವರು ಹೇಳಿದ್ದಾರೆ. ದುರ್ಗಸಿಂಹನ ಕೃತಿ ವಿಷ್ಣುಶರ್ಮನನ್ನು ಬಿಟ್ಟು ವಸುಭಾಗಭಟ್ಟನ ಪರಂಪರೆಯನ್ನು ಅನುಸರಿಸುತ್ತದೆ ಎಂಬುದು ವಿದ್ವಾಂಸರಿಗೆ ತಿಳಿದ ವಿಷಯ. ಕಥೆಗಳ ಅನುಕ್ರಮ ಹಾಗೂ ಉಪಕಥೆಗಳ ನೆಲೆಯಿಂದ ಫ್ರೆಂಚ್ ಪಾಠವನ್ನು ದುರ್ಗಸಿಂಹನೊಡನೆಯೂ ನಂತರದ ಗದ್ಯರೂಪಗಳೊಡನೆಯೂ ಹೋಲಿಸಿದರೆ ಮೈಸೂರು ಸೀಮೆಯಲ್ಲಿ ಆಗ ಬಳಕೆಯಲ್ಲಿದ್ದ ಪಾಠದ ಸ್ವರೂಪ ತಿಳಿಯಲು ದಾರಿಯಾಗುತ್ತದೆ.

ಒಟ್ಟಿನಲ್ಲಿ, ದುಬಾಯ್ ಅವರನ್ನು ಕೈಬಿಡಬೇಕಾಗಿಲ್ಲ, ಬೇರ್ಪಡಿಸಿ ಓದಬೇಕಾಗಿದೆ. ಹೇಳಿಕೆಯೊಂದು ಕೂರ್ದೂ ಅವರಲ್ಲಿ ಇದೆಯೇ, ಪರಿಷ್ಕೃತ ಪಾಠದಲ್ಲಿ ಉಳಿದಿದೆಯೇ, ಸ್ಥಳೀಯ ಮೌಖಿಕ ಪರಂಪರೆ ಅದಕ್ಕೆ ಒಪ್ಪಿಗೆ ಕೊಡುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ದಾಟಿದ ಮೇಲೆ ಮಾತ್ರ ಅದನ್ನು ಈ ಸೀಮೆಯ ಸಾಕ್ಷ್ಯವೆಂದು ಸ್ವೀಕರಿಸುವುದು ಯುಕ್ತ. ಹಳ್ಳಿಯ ದೊಡ್ಡಸ್ವಾಮಿಯವರು ಬರೆದದ್ದು ಕಡಿಮೆ. ಅವರನ್ನು ಅರಿಯಲು ಗ್ರಂಥಾಲಯದಷ್ಟೇ ಗಂಜಾಮು, ಸತ್ತಿಹಳ್ಳಿಗಳ ಕ್ಷೇತ್ರಕಾರ್ಯವೂ ಅವಶ್ಯಕ.