ಪ್ರಕಟಣೆ ಎಂಬ ಹೊಣೆ

ದೊಡ್ಡ ಕಟ್ಟಡವೊಂದು ನೆಲದ ಮೇಲೆ ಏಳುವ ಮುನ್ನ ಹಲವರ ಮನಸ್ಸಿನಲ್ಲಿ ಎದ್ದು ನಿಂತಿರುತ್ತದೆ. ವಾಸ್ತುಶಿಲ್ಪಿಗೆ ಅದರ ಆಕಾರ ಕಾಣುತ್ತದೆ. ಎಂಜಿನಿಯರಿಗೆ ಕಂಬ ತೊಲೆಗಳು ಕಾಣುತ್ತವೆ. ನೀರು, ಗಾಳಿ, ವಿದ್ಯುತ್ತಿನ ಏರ್ಪಾಡು ಮಾಡುವವರಿಗೆ ಕೊಳವೆ ತಂತಿಗಳ ಹೆಣಿಗೆ ಕಾಣುತ್ತದೆ. ಇವರೆಲ್ಲರೂ ಕಾಣುವುದು ಒಂದೇ ಕಟ್ಟಡವಾಗಿರಬೇಕು. ನಿರ್ಮಾಣಕಾರ್ಯದ ಹಳೆಯ ತೊಡಕು ಇರುವುದೇ ಇಲ್ಲಿ.

ಹಿಂದೆ ಇವರನ್ನು ಒಂದುಗೂಡಿಸುವ ಕೆಲಸವನ್ನು ಕಾಗದದ ನಕ್ಷೆಗಳು ಮಾಡುತ್ತಿದ್ದವು. ಈಗ ಗಣಕಯಂತ್ರದಲ್ಲಿ ಮೂರು ಆಯಾಮಗಳ ಮಾದರಿಯನ್ನೇ ರಚಿಸುತ್ತಾರೆ. ಆ ಮಾದರಿಯ ಗೋಡೆಯೊಳಗೆ ಅದರ ಎತ್ತರ, ದಪ್ಪ, ಸಾಮಗ್ರಿಗಳ ವಿವರವೂ ಅಡಗಿರುತ್ತದೆ. ಮಾದರಿಯನ್ನು ಅಂತರ್ಜಾಲದ ಯೋಜನಾ ವೇದಿಕೆಯಲ್ಲಿರಿಸಿದರೆ ಬೇರೆ ಬೇರೆ ಊರುಗಳ ಸಹೋದ್ಯೋಗಿಗಳು ತೆರೆದು ನೋಡಬಹುದು. ಇದಕ್ಕೆ ‘ಪ್ರಕಟಣೆ’ ಎಂದು ಹೆಸರು. ನಾನು ವಿಚಾರ ಮಾಡಬಯಸುವುದು ಈ ಒಂದು ಮಾತನ್ನು ಕುರಿತು.

ಆಟೋಡೆಸ್ಕ್ ಸಂಸ್ಥೆಯ ರೆವಿಟ್ ಎಂಬ ತಂತ್ರಾಂಶವನ್ನು ನೋಡೋಣ. ಅದರಲ್ಲಿ ಒಂದೇ ಮಾದರಿಯ ಮೇಲೆ ಹಲವರು ಏಕಕಾಲಕ್ಕೆ ದುಡಿಯಬಹುದು. ಅವರವರ ತಿದ್ದುಪಡಿಗಳು ಆಗಾಗ ಕೇಂದ್ರದ ಮಾದರಿಗೆ ಸೇರುತ್ತವೆ. ಆದರೂ ವೇದಿಕೆಯಲ್ಲಿ ನೋಡುವ ಇತರರಿಗೆ ಅವು ಕಾಣಿಸುವುದಿಲ್ಲ. ‘ಪ್ರಕಟಿಸು’ ಎಂದು ಆಜ್ಞೆ ಕೊಟ್ಟಾಗಲೇ ಆ ಹೊತ್ತಿನ ಮಾದರಿ ಹೊಸ ಆವೃತ್ತಿ ಸಂಖ್ಯೆ ಪಡೆದು ಎಲ್ಲರೆದುರು ನಿಲ್ಲುತ್ತದೆ. ಹಿಂದಿನ ಆವೃತ್ತಿಗಳೂ ಉಳಿದಿರುತ್ತವೆ. ಲೇಖಕನ ಮೇಜಿನ ಹಸ್ತಪ್ರತಿಗೂ ಅಚ್ಚಾದ ಪುಸ್ತಕಕ್ಕೂ ಇರುವ ಅಂತರದಂತೆಯೇ ಇದು.

ಆದರೆ ಅಚ್ಚಾದುದೆಲ್ಲ ಪ್ರಮಾಣಗ್ರಂಥವಾಗುವುದಿಲ್ಲ. 2018ರಲ್ಲಿ ಹೊರಬಂದ ಐಎಸ್‌ಒ 19650 ಎಂಬ ಅಂತರರಾಷ್ಟ್ರೀಯ ಮಾನಕವು ಮಾಹಿತಿಗೆ ನಾಲ್ಕು ಅವಸ್ಥೆಗಳನ್ನು ಹೇಳುತ್ತದೆ: ಕೆಲಸ ನಡೆಯುತ್ತಿರುವುದು, ಹಂಚಿಕೊಂಡದ್ದು, ಪ್ರಕಟವಾದದ್ದು, ದಾಖಲೆಯಾಗಿ ಉಳಿದದ್ದು. ಹಂಚಿಕೊಂಡದ್ದನ್ನು ನೋಡಿ ಇತರರು ತಮ್ಮ ವಿನ್ಯಾಸವನ್ನು ಹೊಂದಿಸಿಕೊಳ್ಳಬಹುದು. ಪರಿಶೀಲನೆಯ, ಒಪ್ಪಿಗೆಯ ಹೊಸ್ತಿಲು ದಾಟಿ ಪ್ರಕಟವಾದದ್ದನ್ನು ನಂಬಿ ಕಟ್ಟಬಹುದು. ತಂತ್ರಾಂಶದ ಗುಂಡಿಯ ಮೇಲೆ ‘ಪ್ರಕಟಿಸು’ ಎಂದು ಬರೆದಿದ್ದ ಮಾತ್ರಕ್ಕೆ ಈ ಹೊಸ್ತಿಲನ್ನು ದಾಟಿದಂತಾಗದು. ಪದ ಒಂದೇ ಆದುದರಿಂದ ಎರಡನ್ನೂ ಒಂದೆಂದು ಭಾವಿಸುವ ಅಪಾಯವಿದೆ.

ಅಪಾಯವೆಂದರೆ ಎಷ್ಟರಮಟ್ಟಿನದು? ಗಣಕದ ಮಾದರಿಗಳು ಬಳಕೆಗೆ ಬರುವ ಮುಂಚಿನ ಒಂದು ದುರಂತ ಇದಕ್ಕೆ ಉತ್ತರ ಹೇಳುತ್ತದೆ. ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ 1981ರ ಜುಲೈ 17ರಂದು ಒಂದರ ಕೆಳಗೊಂದು ತೂಗುಬಿಟ್ಟಿದ್ದ ಎರಡು ನಡೆಸೇತುವೆಗಳು ಕುಸಿದು 114 ಜನ ಸತ್ತರು. ಮೊದಲ ವಿನ್ಯಾಸದಲ್ಲಿ ಚಾವಣಿಯಿಂದ ಇಳಿದ ಒಂದೇ ಸರಳು ಎರಡು ಸೇತುವೆಗಳನ್ನೂ ಹಾದುಹೋಗುತ್ತಿತ್ತು. ತಯಾರಿಕೆಯ ನಕ್ಷೆಯಲ್ಲಿ ಅದು ಎರಡು ತುಂಡಾಯಿತು. ಕೆಳಗಿನ ಸೇತುವೆ ಮೇಲಿನದರ ತೊಲೆಗೇ ಜೋತುಬಿತ್ತು. ಅಡುಗೆಮನೆಯ ಜಂತಿಯಿಂದ ಇಳಿಬಿಟ್ಟ ಹಗ್ಗಕ್ಕೆ ಎರಡು ಗಡಿಗೆಗಳನ್ನು ಬೇರೆ ಬೇರೆಯಾಗಿ ಬಿಗಿದರೆ ಒಂದೊಂದು ಗಂಟಿಗೆ ಒಂದೊಂದು ಗಡಿಗೆಯ ಭಾರ. ಕೆಳಗಿನ ಗಡಿಗೆಯನ್ನು ಮೇಲಿನ ಗಡಿಗೆಗೇ ಕಟ್ಟಿದರೆ ಮೇಲಿನ ಗಂಟು ಎರಡನ್ನೂ ಹೊರಬೇಕು. ಆದದ್ದೂ ಇದೇ. ಮೂಲದ ಜೋಡಣೆಯೇ ನಿಯಮಕ್ಕೆ ತಕ್ಕಷ್ಟು ಬಲವಾಗಿರಲಿಲ್ಲವೆಂದು ತನಿಖೆ ತಿಳಿಸಿತು. ಬದಲಾವಣೆಯಿಂದ ಅದರ ಹೊರೆ ಇಮ್ಮಡಿಯಾಯಿತು. ನಕ್ಷೆಗಳ ಮೇಲೆ ಪರಿಶೀಲನೆಯ ಮುದ್ರೆಯಿತ್ತು. ಬದಲಾದ ಜೋಡಣೆ ಎಷ್ಟು ಭಾರ ತಾಳೀತೆಂಬ ಲೆಕ್ಕ ಮಾತ್ರ ನಡೆದಿರಲಿಲ್ಲ.

ಇಂದಿನ ವೇದಿಕೆ ಎರಡು ಆವೃತ್ತಿಗಳನ್ನು ಹೋಲಿಸಿ ಯಾವುದು ಬದಲಾಯಿತೆಂದು ತೋರಿಸಬಲ್ಲದು. ಯಾರು, ಯಾವಾಗ ಪ್ರಕಟಿಸಿದರೆಂಬುದನ್ನು ದಾಖಲಿಸಬಲ್ಲದು. ಇವು ದೊಡ್ಡ ಉಪಕಾರಗಳೇ. ಆದರೆ ತೋರಿಸಿದ್ದನ್ನು ಯಾರಾದರೂ ನೋಡಬೇಕು, ನೋಡಿದ್ದನ್ನು ಲೆಕ್ಕಹಾಕಬೇಕು. ಆದ್ದರಿಂದ ಪ್ರತಿಯೊಂದು ಪ್ರಕಟಣೆಯೊಡನೆ ಮೂರು ಮಾತುಗಳು ಸ್ಪಷ್ಟವಾಗಿರಬೇಕೆಂದು ನಾನು ತಿಳಿಯುತ್ತೇನೆ: ಹಿಂದಿನ ಆವೃತ್ತಿಯಿಂದ ಏನು ಬದಲಾಗಿದೆ, ಇದನ್ನು ಯಾವ ಕೆಲಸಕ್ಕೆ ಬಳಸಬಹುದು, ಪರಿಶೀಲಿಸಿದವರು ಯಾರು. ನಮ್ಮ ಮಾದರಿಯನ್ನು ನಂಬಿ ಎಲ್ಲಿಯೋ ಒಬ್ಬ ಕೆಲಸಗಾರ ನಾಳೆ ಉಕ್ಕಿನ ಸರಳನ್ನು ಕತ್ತರಿಸುತ್ತಾನೆ. ಆ ನಂಬಿಕೆಗೆ ಉತ್ತರ ಹೇಳಬೇಕಾದವರು ಗುಂಡಿ ಒತ್ತಿದ ನಾವೇ.